ಮಂಜುಳಾನ ಬಾಣಂತನ

ಕನ್ನಡದಲ್ಲಿ ಇದಕ್ಕೆ ಚಾಲ್ತಿಯಲ್ಲಿರುವ ಹೆಸರು 'ಬಾಡಿಗೆ ತಾಯ್ತನ'. ಸಿನಿಮಾ ನಟಿಯೊಬ್ಬರಿಗೆ ಮಗುವಾದ ಸುದ್ದಿಯಲ್ಲೋ, ಯಾವುದೋ ಆಸ್ಪತ್ರೆಯ ಮೇಲೆ ವಿಚಾರಣೆ ನಡೆದ ಸುದ್ದಿಯಲ್ಲೋ ನೀವೂ ಓದಿರುತ್ತೀರಿ. ಊರು ಬಿಟ್ಟು ಬಂದು ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದ ನನ್ನಂಥವರಿಗೆ ಬಾಡಿಗೆ ಎಂಬ ಮಾತು ಬಲು ಪರಿಚಿತ. ಹನ್ನೊಂದು ತಿಂಗಳ ಕರಾರು, ಮುಂಗಡ ಡಿಪಾಸಿಟ್ಟು, ಗೋಡೆಗೆ ಮೊಳೆ ಹೊಡೆಯಬಾರದು, ಬಿಡುವಾಗ ಬಣ್ಣ ಬಳಿಸಿಕೊಡಬೇಕು. ಈ ಬಾಡಿಗೆಗೂ ನನ್ನ ಚಿಗವ್ವನ ಮಗಳು ಮಂಜುಳಾ 2024ರಲ್ಲಿ ನಮ್ಮ ಮನೆತನಕ್ಕಾಗಿ ಮಾಡಿದ್ದಕ್ಕೂ ಏನೇನೂ ಸಂಬಂಧವಿಲ್ಲ. ತಮಾಷೆಯೆಂದರೆ, ಈಗಿನ ಕಾಯ್ದೆಯ ಪ್ರಕಾರ ಅಲ್ಲಿ ಬಾಡಿಗೆ ಕೊಡುವುದೇ ಅಪರಾಧ. ಹಾಗಿದ್ದೂ ಕನ್ನಡದಲ್ಲಿ ಆ ಪದ ಗಟ್ಟಿಯಾಗಿ ಕೂತುಬಿಟ್ಟಿದೆ. ನಾನು ಇಲ್ಲಿ ಸರೋಗಸಿ ಎಂದೇ ಬರೆಯುತ್ತೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ; ಅವರೆಲ್ಲ ಓದಿ ಒಪ್ಪಿದ ಮೇಲೆಯೇ ಇದನ್ನು ಕಳಿಸುತ್ತಿರುವುದು.

ನನ್ನ ತಂಗಿ ವಿದ್ಯಾ ಹುಬ್ಬಳ್ಳಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. 2021ರಲ್ಲಿ, ಎಂಟನೇ ತಿಂಗಳಲ್ಲಿ, ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಂಡು ರಕ್ತ ಹೋಗತೊಡಗಿತು. ಮಗು ಉಳಿಯಲಿಲ್ಲ. ರಕ್ತ ನಿಲ್ಲದೆ ಗರ್ಭಕೋಶ ತೆಗೆದರು. ಕೋವಿಡ್‌ನ ಎರಡನೇ ಅಲೆಯ ದಿನಗಳು. ನಾನು ಪುಣೆಯಿಂದ ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅವಳ ಅಂಡಾಶಯಗಳು ಎರಡೂ ಉಳಿದವು ಎಂಬುದನ್ನು ಮಾತ್ರ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ನಮ್ಮ ಬಂಧುಬಳಗದಲ್ಲಿ ಓದಿದವರೂ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಗರ್ಭಕೋಶ ಎಂದರೆ ಮಗು ಬೆಳೆಯುವ ಜಾಗ; ಅಂಡಾಶಯ ಎಂದರೆ ಅಂಡ ಹುಟ್ಟುವ ಜಾಗ. ಮೊದಲನೆಯದು ಹೋದರೂ ಎರಡನೆಯದು ತನ್ನ ಪಾಡಿಗೆ ತಾನು ತಿಂಗಳು ತಿಂಗಳು ಕೆಲಸ ಮಾಡುತ್ತಲೇ ಇರುತ್ತದೆ. ಮೊದಲ ವರ್ಷವೆಲ್ಲ ಅದನ್ನು ನೆನೆದೇ ತಂಗಿಗೆ ಅಳು ಬರುತ್ತಿತ್ತು.

ದತ್ತು ತೆಗೆದುಕೊಳ್ಳಬಾರದೇಕೆ? ಈ ಪ್ರಶ್ನೆಯನ್ನು ವಿದ್ಯಾ ಎಷ್ಟು ಸಲ ಕೇಳಿಸಿಕೊಂಡಿದ್ದಾಳೋ ಲೆಕ್ಕವಿಲ್ಲ. ಕೇಳಿದವರೆಲ್ಲರಿಗೂ ಹೆತ್ತ ಮಕ್ಕಳಿದ್ದರು. ಅವರಲ್ಲಿ ಒಬ್ಬರನ್ನೂ ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಅನಾಥ ಮಕ್ಕಳ ಹೊಣೆ ಲೋಕದಲ್ಲಿ ಹೊಟ್ಟೆ ಖಾಲಿ ಇರುವವರಿಗೆ ಮಾತ್ರ ಏಕೆ ಸೇರಬೇಕೋ ನನಗೆ ತಿಳಿಯದು. ದತ್ತು ಒಳ್ಳೆಯ ದಾರಿ, ನಮ್ಮ ಆಫೀಸಿನಲ್ಲೇ ಇಬ್ಬರು ಹಾಗೆ ತಾಯಂದಿರಾಗಿದ್ದಾರೆ. ಅವರೂ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದವರೇ. ವಿದ್ಯಾ ಮತ್ತು ಅವಳ ಗಂಡ ಶಿವಾನಂದ ಎರಡನ್ನೂ ತೂಗಿ ನೋಡಿ ಒಂದನ್ನು ಆರಿಸಿದರು. ಅಷ್ಟೇ ಸಾಕು, ಅದಕ್ಕೆ ಸಮರ್ಥನೆ ಬೇಕಿಲ್ಲ.

ನಾನು ಕಾಯ್ದೆ ಓದಲು ಕೂತೆ. ಎಂ.ಟೆಕ್ ಮಾಡಿ, ಇಷ್ಟು ವರ್ಷ ಪ್ರಾಜೆಕ್ಟು ನಡೆಸಿದವಳಿಗೆ ಗೊತ್ತಿರುವ ಸಾಂತ್ವನ ಅದೊಂದೇ: ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಇಳಿಸುವುದು.

ನಮ್ಮ ದೇಶದಲ್ಲಿ ಇದು ಮೊದಲು ಹೀಗಿರಲಿಲ್ಲ. 2000ದ ದಶಕದಲ್ಲಿ ಗುಜರಾತಿನ ಆಣಂದ ಎಂಬ ಊರು, ಹಾಲಿಗೆ ಹೆಸರಾದ ಅದೇ ಆಣಂದ, ಸರೋಗಸಿಗೂ ಲೋಕಪ್ರಸಿದ್ಧವಾಯಿತು. ಹೊರದೇಶದ ದಂಪತಿಗಳು ಬರುತ್ತಿದ್ದರು. ಬಡ ಹೆಂಗಸರು ಒಂಬತ್ತು ತಿಂಗಳು ಹಾಸ್ಟೆಲಿನಲ್ಲಿದ್ದು ಹೆತ್ತುಕೊಟ್ಟು, ಆ ಹಣದಲ್ಲಿ ಮನೆ ಕಟ್ಟಿಸಿಕೊಳ್ಳುತ್ತಿದ್ದರು. 2008ರಲ್ಲಿ ಅಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದರ ತಂದೆತಾಯಿ ಜಪಾನಿನವರು. ಮಗು ಹುಟ್ಟುವ ಮೊದಲೇ ಬೇರೆಯಾಗಿದ್ದರು. ಕೂಸಿಗೆ ತಾಯಿ ಯಾರು, ಪಾಸ್‌ಪೋರ್ಟು ಯಾವ ದೇಶದ್ದು ಎಂದು ಯಾರಿಗೂ ಹೇಳಲಾಗಲಿಲ್ಲ. ಅಜ್ಜಿ ಜಪಾನಿನಿಂದ ಬಂದು ಮೊಮ್ಮಗಳಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 'ಬೇಬಿ ಮಾಂಜಿ' ಪ್ರಕರಣ ಎಂದೇ ಅದು ಪ್ರಸಿದ್ಧ. ಮರುವರ್ಷ ಕಾನೂನು ಆಯೋಗ ತನ್ನ 228ನೇ ವರದಿಯಲ್ಲಿ ಇದಕ್ಕೊಂದು ಕಾಯ್ದೆ ಬೇಕೆಂದಿತು. 2015ರ ಕೊನೆಗೆ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಕೊನೆಗೂ ಸರೋಗಸಿ ನಿಯಂತ್ರಣ ಕಾಯ್ದೆ, 2021 ಬಂತು; ಜಾರಿಯಾದದ್ದು 2022ರ ಜನವರಿ 25ರಿಂದ.

ಅದರ ಸಾರ ಇಷ್ಟು. ದಂಪತಿ ಮದುವೆಯಾಗಿರಬೇಕು, ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಹೆತ್ತದ್ದೋ ದತ್ತಕವೋ, ಬದುಕಿರುವ ಮಗು ಇರಬಾರದು. ಇರುವ ಮಗುವಿಗೆ ಅಂಗವೈಕಲ್ಯವೋ ಮಾರಕ ಕಾಯಿಲೆಯೋ ಇದ್ದರೆ ವಿನಾಯಿತಿ ಉಂಟು. ಹೊರುವವಳಿಗೆ 25ರಿಂದ 35 ವರ್ಷ, ಮದುವೆಯಾಗಿ ತನ್ನದೇ ಒಂದು ಮಗು ಇರಬೇಕು, ಬದುಕಿನಲ್ಲಿ ಒಂದೇ ಸಲ, ಅದೂ ಮೂರು ಪ್ರಯತ್ನಕ್ಕಿಂತ ಹೆಚ್ಚಿಲ್ಲ. ಅವಳ ಅಂಡ ಬಳಸುವಂತಿಲ್ಲ. ಅವಳಿಗೆ ವೈದ್ಯಕೀಯ ಖರ್ಚು ಮತ್ತು 36 ತಿಂಗಳ ಆರೋಗ್ಯ ವಿಮೆ. ಅದರಾಚೆ ಪ್ರತಿಫಲವಾಗಿ ಹಣ ಕೊಟ್ಟರೆ ಅದು ವಾಣಿಜ್ಯ ಸರೋಗಸಿ. ಅಂಥದನ್ನು ನಡೆಸಿದವರಿಗೆ ಹತ್ತು ವರ್ಷದವರೆಗೂ ಜೈಲು. ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ದಂಪತಿಯ ಸ್ವಂತ ಮಗುವೇ, ಎಲ್ಲ ಹಕ್ಕುಗಳೊಂದಿಗೆ.

ಒಂಟಿ ಹೆಂಗಸರಲ್ಲಿ ವಿಧವೆಗೆ, ವಿಚ್ಛೇದಿತೆಗೆ 35ರಿಂದ 45ರ ನಡುವೆ ಅವಕಾಶವಿದೆ. ಮದುವೆಯೇ ಆಗದವಳಿಗಿಲ್ಲ. ನನ್ನ ತಂಡದ ಮೂವತ್ತೆಂಟರ ಹುಡುಗಿಯೊಬ್ಬಳು ಇದನ್ನು ಕೇಳಿ, "ಹಾಗಾದ್ರೆ ಒಂದು ಸಲ ಮದುವೆಯಾಗಿ ಡೈವೋರ್ಸ್ ತಗೊಂಡ್ರೆ ನಾನು ಯೋಗ್ಯ ತಾಯಿ ಆಗ್ತೀನಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ; ಕಾಯ್ದೆ ಬರೆದವರಲ್ಲೂ ಇದ್ದಂತೆ ಕಾಣುವುದಿಲ್ಲ.

ನ್ಯಾಯಾಲಯಗಳು ಅಲ್ಲಲ್ಲಿ ಕಿಟಕಿ ತೆರೆದಿವೆ. 2023ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ದಂಪತಿ ಬಂದರು. ಬೆಳೆದ ಒಬ್ಬನೇ ಮಗ ಅಪಘಾತದಲ್ಲಿ ತೀರಿಕೊಂಡಿದ್ದ. ಗಂಡನಿಗೆ 57, ಎರಡು ವರ್ಷ ಹೆಚ್ಚು. ನ್ಯಾಯಮೂರ್ತಿಗಳು ವಯಸ್ಸಿನ ಅಂಕಿಯಲ್ಲೇ ನಿಲ್ಲದೆ, ಆನುವಂಶಿಕ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಅವರ ಅರ್ಜಿಯನ್ನು ಪರಿಗಣಿಸಬಹುದು ಎಂದರು. ಅದೇ ವರ್ಷ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದಾನಿಗಳ ಅಂಡ, ವೀರ್ಯ ಬಳಸಬಾರದೆಂದು ನಿಯಮ ಬಿಗಿಮಾಡಿ, 2024ರ ಫೆಬ್ರವರಿಯಲ್ಲಿ ಸಡಿಲಿಸಿತು. ಹುಟ್ಟಿನಿಂದಲೇ ಗರ್ಭಕೋಶವಿಲ್ಲದ ಹೆಣ್ಣುಮಗಳೊಬ್ಬಳು ಸುಪ್ರೀಂ ಕೋರ್ಟಿಗೆ ಹೋಗಿದ್ದಳು. ವಿದ್ಯಾಳಿಗೆ ಈ ತೊಡಕು ಇರಲಿಲ್ಲ. ಅಂಡ ಅವಳದು, ವೀರ್ಯ ಶಿವಾನಂದನದು. ಇಲ್ಲದ್ದು ಒಂದೇ.

ಆ ಒಂದನ್ನು ಯಾರು ಕೊಡಬೇಕು? 2019ರ ಮಸೂದೆಯಲ್ಲಿ 'ಹತ್ತಿರದ ಸಂಬಂಧಿ'ಯೇ ಆಗಬೇಕೆಂದಿತ್ತು; ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ಬಿಡಿಸಿತು, ಕಾಯ್ದೆಯಲ್ಲಿ 'ಒಪ್ಪುವ ಮಹಿಳೆ' ಎಂದಾಯಿತು. ಆದರೆ ಕೂಲಿ ಇಲ್ಲದೆ, ಒಂಬತ್ತು ತಿಂಗಳು ವಾಂತಿ, ಕಾಲುಬಾವು, ಹೆರಿಗೆಯ ಅಪಾಯ ಹೊರಲು ಗುರುತಿಲ್ಲದ ಹೆಂಗಸು ಯಾಕೆ ಒಪ್ಪುತ್ತಾಳೆ? ಸುತ್ತಿ ಬಳಸಿ ಬಂದರೆ ಸಂಬಂಧಿಕರೇ. ನನಗಾಗ ನಲವತ್ತೊಂದು. ನಾನೇ ಹೊರುತ್ತೇನೆ ಎನ್ನಲು ಆರು ವರ್ಷ ತಡವಾಗಿತ್ತು. ನಮ್ಮವ್ವನ ಕಡೆ, ಅಪ್ಪನ ಕಡೆ, ಶಿವಾನಂದನ ಕಡೆ ಎಲ್ಲ ಸೇರಿಸಿ 25ರಿಂದ 35ರೊಳಗಿನ ಹೆಂಗಸರನ್ನು ಎಣಿಸಿದರೆ ಹದಿನೇಳು ಜನ. ಮಕ್ಕಳಾದವರು ಹನ್ನೊಂದು. ಆರೋಗ್ಯ, ಗಂಡನ ಮನೆ, ದೂರ ಎಂದು ಜರಡಿ ಹಿಡಿದರೆ ಮೂರು. ಕೇಳಬಹುದಾದ ಸಲಿಗೆ ಇದ್ದದ್ದು ಒಬ್ಬಳಲ್ಲಿ.

ಮಂಜುಳಾ ನರಗುಂದದ ಹತ್ತಿರದ ಹಳ್ಳಿಯವಳು. ಮೂವತ್ತು ವರ್ಷ, ಎರಡು ಮಕ್ಕಳು, ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಶೀನು. ಕುಬಸ ಹೊಲಿಯುವುದರಲ್ಲಿ ಸುತ್ತ ನಾಲ್ಕೂರಿಗೆ ಹೆಸರಾದವಳು. ನಮ್ಮವ್ವ ಹೋಗಿ ಕೇಳಿದಳು. ಮಂಜುಳಾ ಮರುದಿನವೇ ಹೂಂ ಎಂದಳಂತೆ. ಎಲ್ಲರಿಗೂ ಖುಷಿ. ನನಗೆ ಅಷ್ಟು ಬೇಗ ಬಂದ ಆ ಹೂಂ ಚುಚ್ಚುತ್ತಲೇ ಇತ್ತು. 2019ರ ಆಗಸ್ಟಿನ ಮಲಪ್ರಭೆಯ ನೆರೆಯಲ್ಲಿ ಅವರ ಮನೆಯ ಹಿಂಗೋಡೆ ಬಿದ್ದಾಗ ಶಿವಾನಂದ ಅವರಿಗೆ ಒಂದೂವರೆ ಲಕ್ಷ ಕೈಗಡ ಕೊಟ್ಟಿದ್ದ. ಇನ್ನೂ ತೀರಿರಲಿಲ್ಲ. ಕಾಯ್ದೆ ಕೈಯಿಂದ ಕೈಗೆ ಹೋಗುವ ಹಣವನ್ನು ಮಾತ್ರ ನೋಡುತ್ತದೆ. ಬಂಧುಗಳ ನಡುವೆ ಹಣ ಹಾಗೆ ಓಡಾಡುವುದಿಲ್ಲ. ಅದು ಯಾವತ್ತೋ ಕೊಟ್ಟ ಸಹಾಯ, ಯಾರೋ ಮಾಡಿಸಿದ ಕೆಲಸ, ಮದುವೆಯಲ್ಲಿ ಹಾಕಿದ ಆಯಾರ ಆಗಿ ಎದೆಯ ಮೇಲೆ ಕೂತಿರುತ್ತದೆ. ಪ್ರೀತಿಯಿಂದ ಮಾಡಿದಳು ಎಂದು ಬರೆದ ಅಫಿಡವಿಟ್ಟಿನ ಹಿಂದೆ ಇದೆಲ್ಲ ಇರಬಹುದು, ಯಾವ ನೋಟರಿಗೂ ಕಾಣುವುದಿಲ್ಲ.

ಶುಕ್ರವಾರ ರಾತ್ರಿಯ ಬಸ್ಸು ಹಿಡಿದು ಹೋದೆ. ಯಾರಿಗೂ ಹೇಳಲಿಲ್ಲ. ಮಂಜುಳಾ ಮಶೀನಿನ ಮುಂದೆ ಕೂತಿದ್ದಳು, ನಾನು ಚಾಪೆಯ ಮೇಲೆ. ನೇರವಾಗಿಯೇ ಕೇಳಿದೆ.

"ಆ ಸಾಲದ ಸಲುವಾಗಿ ಹೂಂ ಅಂದ್ಯೇನು?"

ಅವಳು ಕಾಲು ನಿಲ್ಲಿಸಲಿಲ್ಲ. ತೋಳಿನ ಹೊಲಿಗೆ ಮುಗಿಸಿ, ದಾರ ಕಡಿದು, ಆಮೇಲೆ ಹೇಳಿದಳು. "ಸಾಲಕ್ಕಾದ್ರ ಹೊಲ ಮಾರತೇನಿ ಅಕ್ಕಾ. ಇದು ಬ್ಯಾರೆ. ವಿದ್ಯಕ್ಕನ ಆ ಕೂಸಿನ ಅಂಗಿ ಹೊಲದಾಕಿ ನಾನು. ಆರು ಅಂಗಿ ಹೊಲದಿದ್ದೆ. ಇನ್ನೂ ಟ್ರಂಕಿನ್ಯಾಗ ಅದಾವ."

ಸ್ವಲ್ಪ ಹೊತ್ತು ಬಿಟ್ಟು ತನ್ನ ಕರಾರುಗಳನ್ನು ಹೇಳಿದಳು. ಕೇಳಿ ನನಗೆ ನಮ್ಮ ಕಂಪನಿಯ ಕಾನೂನು ವಿಭಾಗ ನೆನಪಾಯಿತು, ಅಷ್ಟು ಖಚಿತ. "ಒಂದು, ನಾ ಊರ ಬಿಟ್ಟು ಎಲ್ಲೂ ಅಡಗಿ ಕುಂದ್ರಂಗಿಲ್ಲ. ಎರಡು, ನನ್ನ ಮಕ್ಕಳಿಗೆ ನಾನ ಹೇಳತೇನಿ, ಯಾರೂ ಸುಳ್ಳ ಹೇಳಬಾರ್ದು. ಮೂರು, ಮಶೀನ್ ನಿಂತ್ರ ಗಿರಾಕಿ ಹೊಕ್ಕಾವ. ಅದಕ್ಕೇನ್ ಮಾಡ್ತೀರಿ?"

ಮೂರನೆಯದಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಕಳೆದುಹೋಗುವ ದುಡಿಮೆಗೆ ಪರಿಹಾರ ಕೊಟ್ಟರೆ ಅದನ್ನು ಪ್ರತಿಫಲ ಎನ್ನುವವರಿದ್ದಾರೆ. ಇಡೀ ವ್ಯವಸ್ಥೆಯಲ್ಲಿ ವೈದ್ಯರಿಗೆ ಫೀಸುಂಟು, ಲ್ಯಾಬಿನವರಿಗೆ ಬಿಲ್ಲುಂಟು, ವಕೀಲರಿಗೆ, ನೋಟರಿಗೆ, ವಿಮಾ ಕಂಪನಿಗೆ, ಅರಿವಳಿಕೆ ಕೊಡುವವರಿಗೆ ಎಲ್ಲರಿಗೂ ಸಲ್ಲುವುದು ಸಲ್ಲುತ್ತದೆ. ಮೈಯೊಡ್ಡುವವಳು ಮಾತ್ರ ಪರೋಪಕಾರಿ ಆಗಿರಬೇಕು. ಆಣಂದದ ಹಾಸ್ಟೆಲುಗಳ ಶೋಷಣೆ ನಿಲ್ಲಿಸಲು ಮಾಡಿದ ನಿಯಮ ಇದು, ಆ ಭಯ ಸುಳ್ಳಲ್ಲ. ಆದರೂ ಕೆಲಸ ನಿಂತ ದಿನಗಳ ಕೂಲಿಗೂ ಗರ್ಭದ ಬೆಲೆಗೂ ವ್ಯತ್ಯಾಸ ಕಾಣದ ನಿಯಮ ಮುಗ್ಧವೂ ಅಲ್ಲ. ಮಂಜುಳಾ ತನ್ನ ದಾರಿ ತಾನೇ ಕಂಡುಕೊಂಡಳು: ಪಕ್ಕದ ಮನೆಯ ಹುಡುಗಿಗೆ ಕತ್ತರಿಸುವುದು ಕಲಿಸಿ, ಅಳತೆ ತಾನು ತೆಗೆದು, ಹೊಲಿಗೆ ಅವಳಿಂದ ಮಾಡಿಸಿದಳು. ಸಾಲದ ವಿಷಯ ನಾನೇನೂ ಹೇಳಿರಲಿಲ್ಲ. ಆ ಸಲ ಹತ್ತಿ ಮಾರಿ ಬಂದ ದುಡ್ಡಿನಲ್ಲಿ ಅವಳ ಗಂಡ ಒಂದೂವರೆ ಲಕ್ಷವನ್ನು ಹುಬ್ಬಳ್ಳಿಗೆ ಬಂದು ಎಣಿಸಿಕೊಟ್ಟು ಹೋದ. ಶಿವಾನಂದ ಬೇಡವೆಂದರೂ ಕೇಳಲಿಲ್ಲ. "ನಾಳೆ ನಮ್ಮ ಕೂಡ ನೀವು, ನಿಮ್ಮ ಕೂಡ ನಾವು ಮಾತಾಡಬೇಕಲ್ರಿ" ಎಂದನಂತೆ. ಆ ಮನುಷ್ಯ ಅದಕ್ಕಿಂತ ಉದ್ದದ ವಾಕ್ಯ ಆಡಿದ್ದನ್ನು ನಾನು ಕೇಳಿಲ್ಲ.

ಮೊದಲೆರಡು ಕರಾರುಗಳಿಗೆ ತಕರಾರು ಬಂದದ್ದು ಶಿವಾನಂದನ ತಾಯಿಯಿಂದ. ಅವರು ಟೀವಿಯಲ್ಲಿ 'ಮಿಮಿ' ನೋಡಿದ್ದರು. 2011ರ ಮರಾಠಿ ಚಿತ್ರ 'ಮಲಾ ಆಈ ವ್ಹಾಯಚಯ್‌'ನ ಹಿಂದಿ ರೂಪ ಅದು. ವಿದೇಶಿ ದಂಪತಿ ನಡುವೆ ಕೈಬಿಟ್ಟು ಹೋಗುತ್ತಾರೆ, ಹೊತ್ತವಳೇ ಸಾಕುತ್ತಾಳೆ. ನಮ್ಮಲ್ಲಿ ಸರೋಗಸಿ ಕುರಿತು ಎಲ್ಲರಿಗೂ ಗೊತ್ತಿರುವುದು ಆ ಕಥೆ ಒಂದೇ. "ಆಕಿ ಕೂಸು ಕೊಡಲಿಲ್ಲಂದ್ರ?" ಎಂಬ ಹೆದರಿಕೆಯ ಜತೆಗೆ ಅವರಿಗೆ ಇನ್ನೊಂದು ಯೋಜನೆಯೂ ಇತ್ತು. ಮಂಜುಳಾ ಐದನೇ ತಿಂಗಳಿಂದ ಬೆಳಗಾವಿಯ ಯಾವುದಾದರೂ ಮನೆಯಲ್ಲಿರಲಿ, ವಿದ್ಯಾ ಹೊಟ್ಟೆಗೆ ಅರಿವೆಯ ಗಂಟು ಕಟ್ಟಿಕೊಂಡು ಓಣಿಯಲ್ಲಿ ಓಡಾಡಲಿ. ಕೇಳಲು ನಗು ಬರುತ್ತದೆ. ಆದರೆ ಅವರು ದುಷ್ಟರಲ್ಲ. ಮಗು ದೊಡ್ಡದಾದ ಮೇಲೆ ಯಾರೂ ಆಡಿಕೊಳ್ಳಬಾರದು ಎಂಬುದಷ್ಟೇ ಅವರ ಸಂಕಟ. ವಿದ್ಯಾ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿದಳು: "ಅತ್ತಿ, ಒಮ್ಮೆ ಖರೇನ ಹೊಟ್ಟಿ ಹೊತ್ತು ಇದ ಓಣ್ಯಾಗ ಓಡಾಡೇನಿ. ಗಂಟು ಕಟ್ಟಿಕೊಂಡು ಓಡಾಡೂದು ನನ್ನ ಕಡೆ ಆಗಂಗಿಲ್ಲ." ಆ ಮಾತು ಅಲ್ಲಿಗೇ ನಿಂತಿತು.

ಕಾಗದಪತ್ರಗಳಿಗೆ ಏಳು ತಿಂಗಳು ಹಿಡಿಯಿತು. ಗರ್ಭಕೋಶವಿಲ್ಲ ಎಂಬುದಕ್ಕೆ ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಮಂಜುಳಾಳ ದೈಹಿಕ ಮತ್ತು ಮಾನಸಿಕ ಆರೋಗ್ಯದ ಪತ್ರ, ವಿಮೆ, ದಂಪತಿಗೂ ಅವಳಿಗೂ ಬೇರೆ ಬೇರೆ ಅರ್ಹತಾ ಪತ್ರ, ಎಲ್ಲಕ್ಕಿಂತ ಮುಖ್ಯವಾಗಿ ಹುಟ್ಟಲಿರುವ ಮಗುವಿನ ಪೋಷಕರು ಯಾರು ಎಂದು ಮ್ಯಾಜಿಸ್ಟ್ರೇಟರು ಮೊದಲೇ ಕೊಡುವ ಆದೇಶ. ಮಗು ಹೊಟ್ಟೆಗೆ ಬರುವ ಮೊದಲೇ ಅದರ ಅಪ್ಪ ಅಮ್ಮ ಕೋರ್ಟಿನ ದಾಖಲೆಯಲ್ಲಿ ಹುಟ್ಟಿಬಿಡುತ್ತಾರೆ. ಆ ದಿನ ಮ್ಯಾಜಿಸ್ಟ್ರೇಟರು ಎಲ್ಲರನ್ನೂ ಹೊರಗೆ ಕಳಿಸಿ ಮಂಜುಳಾಳ ಜತೆ ಹತ್ತು ನಿಮಿಷ ಮಾತಾಡಿದರು. ಏನು ಕೇಳಿದರು ಎಂದರೆ, "ಗೊತ್ತೈತೇನವ್ವಾ ಏನ್ ಮಾಡಾಕ ಹೊಂಟಿ ಅಂದ್ರು. ಎರಡ ಹಡದೇನ್ರಿ, ಗೊತ್ತಿರಲಾರದ ಏನೈತ್ರಿ ಅಂದೆ" ಎಂದಳು. ಭ್ರೂಣ ಒಳಗೆ ಇಡುವ ಕ್ಷಣದವರೆಗೂ ಬೇಡವೆನ್ನುವ ಹಕ್ಕು ಅವಳಿಗಿದೆ ಎಂಬುದನ್ನೂ ಅವರೇ ತಿಳಿಸಿ ಹೇಳಿದರಂತೆ. ನನಗೆ ಅವತ್ತು ನಮ್ಮ ನ್ಯಾಯವ್ಯವಸ್ಥೆಯ ಮೇಲೆ ಪ್ರೀತಿ ಬಂತು, ಅಪರೂಪಕ್ಕೆ.

ವಿದ್ಯಾ ಹತ್ತು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡಳು. ಹದಿಮೂರು ಅಂಡ ಸಿಕ್ಕವು. ಗಾಜಿನ ತಟ್ಟೆಯಲ್ಲಿ ಐದು ದಿನ ಬೆಳೆದು ಉಳಿದ ಭ್ರೂಣಗಳು ನಾಲ್ಕು. ಅವನ್ನು ಹೆಪ್ಪುಗಟ್ಟಿಸಿ ಇಟ್ಟರು. ಆಚೆ ಮಂಜುಳಾಳ ಗರ್ಭಕೋಶದ ಒಳಪದರ ದಪ್ಪವಾಗಲು ಮಾತ್ರೆ, ಆಮೇಲೆ ಪ್ರೊಜೆಸ್ಟರಾನ್ ಚುಚ್ಚುಮದ್ದು. ಎಣ್ಣೆಯಲ್ಲಿ ಕರಗಿಸಿದ ಮದ್ದದು. ಸೊಂಟದಲ್ಲಿ ಗಂಟುಗಟ್ಟುತ್ತದೆ, ದಿನಾ ಶಾಖ ಕೊಡಬೇಕು. ನಿಯಮದಂತೆ ಒಂದು ಸಲಕ್ಕೆ ಒಂದೇ ಭ್ರೂಣ. 2023ರ ಸೆಪ್ಟೆಂಬರಿನ ಮೊದಲ ಪ್ರಯತ್ನ ನಿಲ್ಲಲಿಲ್ಲ. ವಿದ್ಯಾ ತಡೆದುಕೊಂಡಳು, ಕುಸಿದವಳು ಮಂಜುಳಾ. "ನನ್ನ ಕಡೆ ಏನರ ಕೊರತಿ ಇತ್ತೇನ ಅಕ್ಕಾ" ಎಂದು ರಾತ್ರಿ ಹತ್ತಕ್ಕೆ ಫೋನು. ಎರಡು ಹೆತ್ತವಳಿಗೆ ಮೊದಲ ಸಲ ಆ ಮಾತು ತಾಗಿತ್ತು. ನಮ್ಮ ತಂಗಿ ಎರಡು ವರ್ಷದಿಂದ ಹೊತ್ತು ತಿರುಗಿದ್ದು ಅದೇ ಮಾತನ್ನೇ. ಅವತ್ತಿನಿಂದ ಅವರಿಬ್ಬರೂ ನನ್ನ ಮಧ್ಯಸ್ಥಿಕೆ ಇಲ್ಲದೆ ಮಾತಾಡಿಕೊಳ್ಳತೊಡಗಿದರು.

ಎರಡನೆಯ ಸಲ ಡಿಸೆಂಬರಿನಲ್ಲಿ. ರಕ್ತಪರೀಕ್ಷೆಯ ದಿನ ನಾನು ಒಂದು ರಿಲೀಸಿನ ಕರೆಯಲ್ಲಿದ್ದೆ. ವಾಟ್ಸಾಪಿನಲ್ಲಿ ಬರಿ ಒಂದು ಅಂಕಿ ಬಂತು: 412. ಎರಡು ದಿನದಲ್ಲಿ ಅದು ಹತ್ತಿರಹತ್ತಿರ ದುಪ್ಪಟ್ಟಾಗಬೇಕು. 890 ಆಯಿತು. ಇಷ್ಟು ವರ್ಷ ಡ್ಯಾಶ್‌ಬೋರ್ಡುಗಳಲ್ಲಿ ಎಷ್ಟೋ ಅಂಕಿ ನೋಡಿದ್ದೇನೆ. ಬೇರೆ ಯಾವುದಕ್ಕೂ ನಾನು ಕ್ಯಾಮೆರಾ ಆಫ್ ಮಾಡಿ ಅತ್ತದ್ದಿಲ್ಲ.

ಕುಬಸದ ಹೊತ್ತಿಗೆ ಇನ್ನೊಂದು ಸಮಸ್ಯೆ. ಉಡಿ ತುಂಬುವುದು ಯಾರಿಗೆ? ಹೊಟ್ಟೆ ಒಬ್ಬಳದು, ಕೂಸು ಒಬ್ಬಳದು. ನಮ್ಮವ್ವ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ ಇಬ್ಬರಿಗೂ ಹಸಿರು ಬಳೆ ತೊಡಿಸಿದಳು. ಬಂದ ಹಿರಿಯರೊಬ್ಬರು ಎಲ್ಲರಿಗೂ ಸಮಾಧಾನ ಹೇಳುವ ಧಾಟಿಯಲ್ಲಿ, ಇದು ಹೊಸದೇನಲ್ಲ, ದೇವಕಿಯ ಏಳನೆಯ ಗರ್ಭವನ್ನು ರೋಹಿಣಿಯ ಹೊಟ್ಟೆಗೆ ಸಾಗಿಸಿದ್ದೇ ಬಲರಾಮ ಎಂದರು. ಮಂಜುಳಾಳ ಅತ್ತೆ, ಅಲ್ಲಿಯವರೆಗೆ ಬಾಯಿಬಿಡದ ಹೆಣ್ಣುಮಗಳು, ಅಡಿಕೆ ಕತ್ತರಿಸುತ್ತಲೇ ಕೇಳಿದಳು: "ಆ ರೋಹಿಣಿಗೆ ಯಾರರ ಕೇಳಿದ್ರೇನ್ರಿ?" ಹಿರಿಯರು ಎಲೆ ಮಡಿಸಿದರು. ಪುರಾಣದ ಆ ಉದಾಹರಣೆಯನ್ನು ನಮ್ಮ ಜನ ಹೆಮ್ಮೆಯಿಂದ ಹೇಳುತ್ತಾರೆ, ಆದರೆ ಅಲ್ಲಿ ಹೊತ್ತವಳೇ ಸಾಕಿದವಳು. ಕೊಟ್ಟುಬಿಡುವ ಕಷ್ಟ ರೋಹಿಣಿಗೆ ಬರಲೇ ಇಲ್ಲ.

2024ರ ಆಗಸ್ಟಿನಲ್ಲಿ ಹೆಣ್ಣು ಹುಟ್ಟಿತು. ಎರಡು ಕಿಲೋ ಎಂಟುನೂರು ಗ್ರಾಂ, ಸಹಜ ಹೆರಿಗೆ. ಹೆರಿಗೆ ಕೋಣೆಯಲ್ಲಿ ವಿದ್ಯಾ ಮಂಜುಳಾಳ ತಲೆಯ ಹತ್ತಿರ ನಿಂತಿದ್ದಳು. ಆದೇಶದ ಪ್ರತಿ ತೋರಿಸಿದ ಮೇಲೆ ಜನನ ಪ್ರಮಾಣಪತ್ರದಲ್ಲಿ ವಿದ್ಯಾ, ಶಿವಾನಂದರ ಹೆಸರು ಬಂತು. ಮಂಜುಳಾಳ ಹೆಸರು ಅದರಲ್ಲಿ ಎಲ್ಲೂ ಇಲ್ಲ, ಇರಬಾರದು ಕೂಡ. ಅವಳ ಹೆಸರಿರುವುದು ಡಿಸ್ಚಾರ್ಜ್ ಕಾರ್ಡಿನಲ್ಲಿ ಮತ್ತು ವಿಮೆಯ ಕಾಗದದಲ್ಲಿ.

ವಿದ್ಯಾಳ ಕಾಲೇಜಿನವರು ಹೆರಿಗೆ ರಜೆ ಕೊಡಲು ಹಿಂದುಮುಂದು ನೋಡಿದರು. ಹೆತ್ತಿಲ್ಲವಲ್ಲ ಎಂಬುದು ಅವರ ವಾದ. 2017ರ ತಿದ್ದುಪಡಿಯಲ್ಲಿ, ತನ್ನ ಅಂಡದಿಂದ ಭ್ರೂಣ ಮಾಡಿ ಬೇರೊಬ್ಬಳಲ್ಲಿ ಬೆಳೆಸಿದ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರದ ರಜೆ ಇದೆ. ಆ ಕಲಮನ್ನು ಅಚ್ಚುಹಾಕಿ ಕಳಿಸಿದೆ, ರಜೆ ಸಿಕ್ಕಿತು. ನಿಮ್ಮಲ್ಲಿ ಯಾರಾದರೂ ತಂಡ ನಡೆಸುವವರಿದ್ದರೆ ಇದನ್ನು ನೆನಪಿಡಿ. ಇಂಥ ರಜೆ ಕೇಳಲು ಬರುವವರು ಕಾನೂನು ಓದಿಕೊಂಡು ಬರುವ ಸ್ಥಿತಿಯಲ್ಲಿರುವುದಿಲ್ಲ.

ನಾನು ಹೇಳಬೇಕೆಂದುಕೊಂಡದ್ದು ನಿಜವಾಗಿ ಆಮೇಲಿನ ನಲವತ್ತು ದಿನಗಳ ಬಗ್ಗೆ. ಸರೋಗಸಿಯ ಕಥೆಗಳು ಮಗು ಕೈ ಬದಲಾಯಿಸಿದಲ್ಲಿಗೆ ಮುಗಿಯುತ್ತವೆ. ಹೆತ್ತ ಮೈ ಅಲ್ಲಿಗೆ ಮುಗಿಯುವುದಿಲ್ಲ. ಮೂರನೆಯ ದಿನ ಮಂಜುಳಾಳಿಗೆ ಹಾಲು ತುಂಬಿ ಬಂತು. ಮೈಗೆ ಕಾನೂನು ಗೊತ್ತಿಲ್ಲವಲ್ಲ. ಹಾಲು ಬತ್ತಿಸುವ ಮಾತ್ರೆ ಕೊಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಿರ್ಧಾರ ನಿನ್ನದು ಎಂದು ವಿದ್ಯಾ ಹೇಳಿದಳು. ಮೊದಲ ಹಳದಿ ಹಾಲು ಕೂಸಿಗೆ ಬೇಕೇ ಬೇಕು ಎಂದು ಐದು ದಿನ ಹಿಂಡಿ ಬಟ್ಟಲಿನಲ್ಲಿ ಕೊಟ್ಟು, ಆರನೆಯ ದಿನ ಮಾತ್ರೆ ನುಂಗಿದಳು. ಎದೆಗೆ ಹಚ್ಚಿಕೊಂಡು ಕುಡಿಸಲಿಲ್ಲ. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ.

ಬಾಣಂತನ ಎಲ್ಲಿ ಎಂಬ ಪ್ರಶ್ನೆಗೆ ನಮ್ಮವ್ವ ಉತ್ತರ ಸಿದ್ಧವಿಟ್ಟುಕೊಂಡಿದ್ದಳು. ವಿದ್ಯಾಳಿಗೆ ಕೂಸು ಇದೆ, ಅವಳ ಅತ್ತೆ ಇದ್ದಾರೆ; ಬಾಣಂತಿ ಇವಳು, ಇವಳ ಬಾಣಂತನ ನಾನು ಮಾಡುತ್ತೇನೆ. ಮಂಜುಳಾಳನ್ನೂ ಅವಳ ಎರಡು ಮಕ್ಕಳನ್ನೂ ಧಾರವಾಡದ ನಮ್ಮ ಮನೆಗೆ ಕರೆತಂದಳು. ನಡುಮನೆಯ ಹಿಂದಿನ ಕೋಣೆ, ಹೊರಸು, ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ. ಎಣ್ಣೆ ನೀರು. ಅಂಟಿನ ಉಂಡಿ, ಅಳವಿ ಪಾಯಸ, ಬೆಳ್ಳುಳ್ಳಿ ಹಾಕಿದ ಸಾರು. ನನಗೂ ವಿದ್ಯಾಳಿಗೂ ಅದೇ ಕೋಣೆಯಲ್ಲಿ ಮಾಡಿದ್ದು. ನೋಡಲು ಬಂದ ಓಣಿಯ ಹೆಂಗಸರಿಗೆ ಗಲಿಬಿಲಿ. ತೊಟ್ಟಿಲಿಲ್ಲದ ಬಾಣಂತಿಯ ಕೋಣೆಯನ್ನು ಅವರು ನೋಡಿರಲಿಲ್ಲವೆಂದಲ್ಲ. ಮಗು ಸತ್ತ ಮನೆಯಲ್ಲಿ ನೋಡಿದ್ದರು. ಇಲ್ಲಿ ಮಗು ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಚೆನ್ನಾಗಿ ಅಳುತ್ತಿತ್ತು. ಏನು ಮಾತಾಡಬೇಕೋ ತಿಳಿಯದೆ ಅವರು ಕೊಬ್ಬರಿ ಬೆಲೆಯ ಬಗ್ಗೆ ಮಾತಾಡಿ ಹೋದರು.

ಎರಡನೆಯ ವಾರ ಮಂಜುಳಾ ಅಳತೊಡಗಿದಳು. ಊಟದ ನಡುವೆ, ತಲೆಗೆ ನೀರು ಹಾಕಿಕೊಳ್ಳುವಾಗ. ನಾನು ಆ ವಾರ ಮನೆಯಿಂದ ಕೆಲಸ ಎಂದು ಹೇಳಿ ಧಾರವಾಡದಲ್ಲೇ ಇದ್ದೆ. ಆಪ್ತಸಮಾಲೋಚಕಿಗೆ ಫೋನ್ ಹಚ್ಚಿಕೊಟ್ಟೆ. ಹೆರಿಗೆಯ ನಂತರ ಹಾರ್ಮೋನು ಇಳಿಯುವಾಗ ಯಾವ ತಾಯಿಗಾದರೂ ಹೀಗಾಗುತ್ತದೆ, ಎರಡು ವಾರ ಮೀರಿದರೆ ಮಾತ್ರ ಬನ್ನಿ ಎಂದರು. ನಿಜವೇ. ಮಂಜುಳಾ ಹೇಳಿದ್ದೂ ನಿಜ. "ಕೂಸು ಬೇಕಂತ ಅಳಾಕತ್ತಿಲ್ಲ ಅಕ್ಕಾ, ಅದು ಆಕೀದು ಅಂತ ನನಗ ಪಕ್ಕಾ ಐತಿ. ಕೈ ಖಾಲಿ ಅನಸ್ತೈತಿ." ಅವ್ವ ಏನೂ ಹೇಳದೆ ಹೆಸರುಬೇಳೆ ತುಂಬಿದ ಮೊರ ತಂದು ಅವಳ ತೊಡೆಯ ಮೇಲಿಟ್ಟಳು, ಆರಿಸಿಕೊಡು ಎಂದು. ಆ ನಲವತ್ತು ದಿನದಲ್ಲಿ ಮಂಜುಳಾ ನಮ್ಮ ಮನೆಯ ಒಂದು ವರ್ಷದ ಕಾಳು ಆರಿಸಿದ್ದಾಳೆ. ಮೂರನೆಯ ವಾರ ಅಳು ತಾನಾಗಿ ಕಡಿಮೆಯಾಯಿತು. ನಾಲ್ಕನೆಯ ವಾರ ಮಶೀನು ತರಿಸಿಕೊಡಿ ಎಂದಳು, ಅವ್ವ ಬೈದಳು.

ಎಲ್ಲೋ ಓದಿದ್ದನ್ನು ಅವಳಿಗೆ ಹೇಳಿದ್ದೆ. ಗರ್ಭದಲ್ಲಿರುವಾಗ ಕೂಸಿನ ಕೆಲವು ಜೀವಕೋಶಗಳು ಹೊತ್ತವಳ ರಕ್ತಕ್ಕೆ ದಾಟುತ್ತವೆ, ಕೆಲವರಲ್ಲಿ ದಶಕಗಳವರೆಗೂ ಉಳಿಯುತ್ತವೆ. ಅವಳಿಗೆ ಅದು ಅಂಥ ದೊಡ್ಡ ಸಂಗತಿ ಅನ್ನಿಸಲಿಲ್ಲ. "ಇರಲೇಳು, ಜಾಗಾ ಐತಿ" ಎಂದಳು.

ಅವಳ ಮಗಳಿಗೆ ಶಾಲೆಯಲ್ಲಿ ಹುಡುಗಿಯರು, ನಿಮ್ಮವ್ವ ಕೂಸನ್ನು ಮಾರಿದಳಂತಲ್ಲ ಎಂದರಂತೆ. "ನಮ್ಮವ್ವನ ಹೊಟ್ಟ್ಯಾಗ ಇತ್ತು, ಆದ್ರ ಅದು ವಿದ್ಯಾ ದೊಡ್ಡವ್ವಂದು. ದೊಡ್ಡವ್ವನ ಹೊಟ್ಟ್ಯಾಗ ಜಾಗಾ ಇರಲಿಲ್ಲ" ಎಂದು ಅವಳು ಹೇಳಿ ಬಂದಿದ್ದಾಳೆ. ಹನ್ನೊಂದು ವರ್ಷ ಅವಳಿಗೆ. ವಿದ್ಯಾಳ ಮಗಳು ಮಂಜುಳಾಳನ್ನು ಚಿಗವ್ವ ಎನ್ನುತ್ತಾಳೆ. ಅಮ್ಮನ ತಂಗಿಗೆ ಹಾಗೆನ್ನುವುದೇ ನಮ್ಮ ಕಡೆಯ ರೂಢಿ. ಹೊಸ ಪದ ಹುಡುಕುವ ಕೆಲಸ ಬೀಳಲಿಲ್ಲ. ಓಣಿಯಲ್ಲಿ ಈಗಲೂ ಒಬ್ಬಿಬ್ಬರು ಬಾಡಿಗೆ ಎನ್ನುತ್ತಾರೆ. ವಿದ್ಯಾಳ ಅತ್ತೆ, ಅರಿವೆ ಗಂಟಿನ ಯೋಜನೆ ಹಾಕಿದ್ದ ಅದೇ ಅತ್ತೆ, ಅವರ ಜತೆ ಜಗಳಕ್ಕೆ ನಿಲ್ಲುತ್ತಾರೆ.

ಒಟ್ಟು ಖರ್ಚು ಹದಿನಾಲ್ಕು ಲಕ್ಷದ ಹತ್ತಿರ ಹೋಯಿತು. ವಿದ್ಯಾ, ಶಿವಾನಂದ ಇಬ್ಬರೂ ಸಂಬಳದವರು, ಮೇಲೆ ಸಾಲ ತೆಗೆದರು. ಇಷ್ಟು ಇಲ್ಲದವರಿಗೆ, ಮಂಜುಳಾಳಂಥ ತಂಗಿ ಇಲ್ಲದವರಿಗೆ, ಕಾಯ್ದೆಯ ಬಾಗಿಲು ತೆರೆದಿದ್ದರೂ ಒಳಗೆ ಹೋಗುವ ದಾರಿ ಇಲ್ಲ. ಇನ್ನೂ ಎರಡು ಭ್ರೂಣಗಳು ಆ ಲ್ಯಾಬಿನಲ್ಲಿವೆ. ಬದುಕಿರುವ ಮಗು ಇರುವುದರಿಂದ ವಿದ್ಯಾ ಇನ್ನೊಮ್ಮೆ ಅರ್ಜಿ ಹಾಕುವಂತಿಲ್ಲ, ಮಂಜುಳಾ ಇನ್ನೊಮ್ಮೆ ಹೊರುವಂತೆಯೂ ಇಲ್ಲ. ಪ್ರತಿ ವರ್ಷ ಸಂಗ್ರಹದ ಬಿಲ್ಲು ಬಂದಾಗ ವಿದ್ಯಾ ಅದನ್ನು ಕಟ್ಟುತ್ತಾಳೆ, ಅದರ ಬಗ್ಗೆ ಮಾತಾಡುವುದಿಲ್ಲ.

ಮಂಜುಳಾಳ 36 ತಿಂಗಳ ವಿಮೆ ಈ ತಿಂಗಳು ಮುಗಿಯುತ್ತದೆ. ಇನ್ನು ಮುಂದೆ ಕಟ್ಟಬೇಕೆಂದು ಯಾವ ಕಾಯ್ದೆಯೂ ಕೇಳುವುದಿಲ್ಲ. ವಿದ್ಯಾ ನಾನು ಕಟ್ಟಿಯೇ ಕಟ್ಟುತ್ತೇನೆ ಎನ್ನುತ್ತಿದ್ದಾಳೆ. ಮಂಜುಳಾ ಬೇಡವೇ ಬೇಡ ಎನ್ನುತ್ತಿದ್ದಾಳೆ. "ಹಂಗ ಕಟ್ಟಾಕತ್ರ ಲೆಕ್ಕ ಎಂದ ಮುಗೀತೈತಿ?" ಎಂದು ಅವಳ ಪ್ರಶ್ನೆ. "ಲೆಕ್ಕ ಅಂದಾಕಿ ಯಾರು?" ಎಂದು ಇವಳದು. ಹತ್ತು ದಿನದಿಂದ ಜಗಳ ನಡೆದಿದೆ. ಇಬ್ಬರೂ ನನಗೆ ಫೋನು ಮಾಡಿ ಇನ್ನೊಬ್ಬಳಿಗೆ ಬುದ್ಧಿ ಹೇಳು ಎನ್ನುತ್ತಾರೆ, ಸಾಮಾನ್ಯವಾಗಿ ನಾನು ಮೀಟಿಂಗಿನಲ್ಲಿ ಇರುವಾಗಲೇ.